ಮೀಟರ್‌ಗೇಜ್ ರೈಲಿನ ಮಕ್ಕಳು

ಕರ್ನಾಟಕದಲ್ಲಿ 1990ಕ್ಕೆ ಮುಂಚೆ ಬಾಲ್ಯ ಕಳೆದವರ ರೈಲಿನ ನೆನಪು ಬಹುಮಟ್ಟಿಗೆ ಮೀಟರ್‌ಗೇಜ್ ರೈಲಿನ ನೆನಪು. ಎರಡು ಹಳಿಗಳ ನಡುವೆ 1,000 ಮಿಲಿಮೀಟರ್ ಅಂತರವಿದ್ದ ಆ ದಾರಿ ಬೆಂಗಳೂರಿನಿಂದ ಮೈಸೂರಿಗೆ ಹೋಗುತ್ತಿತ್ತು. ಅರಸೀಕೆರೆ, ಬೀರೂರು, ಹರಿಹರ ದಾಟಿ ಹುಬ್ಬಳ್ಳಿ ಸೇರುತ್ತಿತ್ತು. ಅಲ್ಲಿಂದ ಲೋಂಡಾ ಮೂಲಕ ಬೆಳಗಾವಿಗೂ ಗೋವಾಕ್ಕೂ, ಗದಗಿನ ಮೂಲಕ ವಿಜಾಪುರ, ಸೊಲ್ಲಾಪುರಕ್ಕೂ ಕವಲೊಡೆಯುತ್ತಿತ್ತು. ಇಂದಿನ ಬ್ರಾಡ್‌ಗೇಜ್ ಹಳಿಗಳ ಅಂತರ 1,676 ಮಿಲಿಮೀಟರ್. ನೋಡುವುದಕ್ಕೆ ಸಣ್ಣದೆನಿಸುವ ಈ ವ್ಯತ್ಯಾಸವೇ ಗಾಡಿಯ ವೇಗವನ್ನು, ಡಬ್ಬಿಯ ಅಗಲವನ್ನು, ಒಂದೊಂದು ಊರಿನಲ್ಲಿ ಗಾಡಿ ನಿಲ್ಲುವ ಹೊತ್ತನ್ನು ಗೊತ್ತುಮಾಡಿತ್ತು. ರಜೆಗೆಂದು ಅಜ್ಜಿ ಮನೆಗೆ ಹೊರಟ ಮಗು ದಾರಿಯಲ್ಲಿ ಏನು ಕಂಡಿತು, ಏನು ತಿಂದಿತು, ಯಾರ ಮಡಿಲಲ್ಲಿ ನಿದ್ದೆ ಹೋಯಿತು ಎಂಬುದರ ಹಿಂದೆಲ್ಲ ಆ ಕಿರಿದಾದ ಹಳಿಯ ಪಾಲಿದೆ.

1864ರಲ್ಲಿ ಬೆಂಗಳೂರು ದಂಡಿನಿಂದ ಜೋಲಾರಪೇಟೆಗೆ ಬ್ರಾಡ್‌ಗೇಜ್ ಹಳಿ ಬಿದ್ದು ಮದರಾಸಿನ ನಂಟು ಕೂಡಿಬಂದಿತ್ತು. ಮೈಸೂರಿನ ಕಡೆಗೆ ಹಳಿ ಹಾಕುವ ಕೆಲಸಕ್ಕೆ ಕೈಹಚ್ಚಿದ್ದು 1876–78ರ ಭೀಕರ ಬರಗಾಲದ ದೆಸೆಯಿಂದ. ಹಸಿದವರಿಗೆ ಕೂಲಿ ಕೊಡುವ ಬರಪರಿಹಾರದ ಕಾಮಗಾರಿಯಾಗಿ ಮಣ್ಣಿನ ಏರಿ ಮೇಲೆದ್ದಿತು. 1882ರ ಹೊತ್ತಿಗೆ ಗಾಡಿ ಮೈಸೂರು ಮುಟ್ಟಿತು. ಕಡಿಮೆ ಖರ್ಚಿನಲ್ಲಿ ಹೆಚ್ಚು ದೂರ ಹೋಗಬಹುದೆಂಬ ಲೆಕ್ಕದಿಂದ ಮೀಟರ್‌ಗೇಜ್ ಆರಿಸಿಕೊಂಡರು. ಆ ಲೆಕ್ಕ ನೂರು ವರ್ಷಕ್ಕೂ ಮೀರಿ ಬಾಳಿತು. ಮೈಸೂರು ಸಂಸ್ಥಾನದ ರೈಲ್ವೆ 1951ರ ಏಪ್ರಿಲ್ 14ರಂದು ದಕ್ಷಿಣ ರೈಲ್ವೆಯಲ್ಲಿ ಸೇರಿಹೋಯಿತು. ಹಲಗೆಯ ಮೇಲಿನ ಹೆಸರು ಬದಲಾಯಿತೇ ಹೊರತು ಹಳಿ, ಡಬ್ಬಿ, ಹೊಗೆ ಎಲ್ಲವೂ ಹಾಗೆಯೇ ಉಳಿದವು.

ಕುಟುಂಬ ಸಮೇತ ರೈಲು ಹತ್ತುವ ಕಾಲವೆಂದರೆ ಬೇಸಿಗೆ ರಜೆ. ಏಪ್ರಿಲ್ ಹತ್ತಕ್ಕೆ ಶಾಲೆಯಲ್ಲಿ ಪಾಸು-ಫೇಲು ಹೇಳುತ್ತಿದ್ದರು. ಅದು ಮುಗಿದದ್ದೇ ತಡ, ಮನೆಯಲ್ಲಿ ಪ್ರಯಾಣದ ಮಾತು ಶುರು. ಅಂಗಳದ ಹಪ್ಪಳ-ಸಂಡಿಗೆ, ಉಪ್ಪಿನಕಾಯಿ ಜಾಡಿ, ಅಜ್ಜಿಗೆಂದು ತಂದ ಸೀರೆ ಎಲ್ಲಕ್ಕೂ ಟ್ರಂಕಿನಲ್ಲಿ ಜಾಗ ಹುಡುಕಬೇಕು. ಕಾಯ್ದಿರಿಸಿದ ಸೀಟು ಸಿಗುವುದು ಸುಲಭವಿರಲಿಲ್ಲ. ಭಾರತೀಯ ರೈಲ್ವೆಯಲ್ಲಿ ಕಂಪ್ಯೂಟರಿನ ಮೂಲಕ ಕಾಯ್ದಿರಿಸುವ ವ್ಯವಸ್ಥೆ ಕಾಲಿಟ್ಟದ್ದೇ 1980ರ ದಶಕದ ನಡುವೆ, ಅದೂ ದೆಹಲಿಯಿಂದ ಶುರುವಾಗಿ. ಅಲ್ಲಿಯವರೆಗೆ ಗುಮಾಸ್ತರು ದಪ್ಪ ಲೆಡ್ಜರಿನ ಹಾಳೆ ತಿರುವಿ, ಕೈಯಲ್ಲಿ ಹೆಸರು ಬರೆದುಕೊಂಡು ಜಾಗ ಕೊಡಬೇಕಿತ್ತು. ಮನೆಯ ಹಿರಿಯರೊಬ್ಬರು ನಸುಕಿನಲ್ಲೇ ಹೋಗಿ ಸರತಿಯಲ್ಲಿ ನಿಲ್ಲುತ್ತಿದ್ದರು. ಹೊರಡುವ ದಿನ ಡಬ್ಬಿಯ ಬಾಗಿಲ ಪಕ್ಕ ಅಂಟಿಸಿದ ಪಟ್ಟಿಯಲ್ಲಿ ಅಪ್ಪನ ಹೆಸರು ಹುಡುಕುವ ಕೆಲಸ ಮಕ್ಕಳ ಪಾಲಿನದು. ಕಾಗುಣಿತ ಏನೇ ಆಗಿರಲಿ, ಹೆಸರು ಸಿಕ್ಕರೆ ಸಾಕಿತ್ತು.

ಟಿಕೆಟ್ ಎಂದರೆ ಗಟ್ಟಿ ರಟ್ಟಿನ ತುಂಡು. ಇಂಗ್ಲೆಂಡಿನ ರೈಲ್ವೆ ನೌಕರ ಥಾಮಸ್ ಎಡ್ಮಂಡ್‌ಸನ್ 1830ರ ದಶಕದ ಕೊನೆಯಲ್ಲಿ ರೂಪಿಸಿದ ಈ ಟಿಕೆಟ್ಟಿನ ಉದ್ದ ಸುಮಾರು 57 ಮಿಲಿಮೀಟರ್, ಅಗಲ 30. ಕಿಂಡಿಯ ಒಳಗಿನ ಕಬ್ಬಿಣದ ಯಂತ್ರಕ್ಕೆ ಅದನ್ನು ತೂರಿಸಿದರೆ ಟಕ್ಕೆಂದು ತಾರೀಖು ಒತ್ತಿ ಬರುತ್ತಿತ್ತು. ಇಳಿದ ಊರಿನ ಗೇಟಿನಲ್ಲಿ ಅದನ್ನು ಒಪ್ಪಿಸಿಬಿಡಬೇಕಾದ್ದರಿಂದ ಮಕ್ಕಳ ಕೈಯಲ್ಲಿ ಅದು ಉಳಿಯುತ್ತಿದ್ದದ್ದು ಅಪರೂಪ. ಟಿಕೆಟ್ ಕಲೆಕ್ಟರ್ ಕರುಣೆ ತೋರಿ ಬಿಟ್ಟುಕೊಟ್ಟ ಒಂದು ಟಿಕೆಟ್ ಕಂಪಾಸ್ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಇರುತ್ತಿತ್ತು. ಐದು ವರ್ಷ ತುಂಬದವರಿಗೆ ಟಿಕೆಟ್ ಬೇಡ, ಐದರಿಂದ ಹನ್ನೆರಡರವರೆಗೆ ಅರ್ಧ ಟಿಕೆಟ್ ಎಂಬ ನಿಯಮ ಬಹುಕಾಲ ನಡೆಯಿತು. ಹಾಗಾಗಿ ಎಷ್ಟೋ ಮಕ್ಕಳು ರೈಲಿನಲ್ಲಿ ಮಾತ್ರ ಒಂದೊಂದು ವರ್ಷ ಚಿಕ್ಕವರಾಗುತ್ತಿದ್ದರು. "ಯಾರಾದರೂ ಕೇಳಿದರೆ ನಾಲ್ಕೂವರೆ ಅನ್ನು" ಎಂಬ ಪಾಠ ಮನೆಯಲ್ಲೇ ಆಗಿರುತ್ತಿತ್ತು. ಬೇರೆ ಬರ್ತ್ ಬೇಕೆನ್ನುವ ಐದರಿಂದ ಹನ್ನೆರಡರ ಮಕ್ಕಳಿಗೂ ಪೂರ್ಣ ದರ ಎಂಬ ನಿಯಮ 2016ರ ಏಪ್ರಿಲ್‌ನಲ್ಲಿ ಬಂತು.

ಸಾಮಾನಿನಲ್ಲಿ ಮುಖ್ಯವಾದವು ಮೂರು: ಕಬ್ಬಿಣದ ಟ್ರಂಕು, ಹೋಲ್ಡಾಲ್, ನೀರಿನ ಕೂಜ. ಹೋಲ್ಡಾಲ್ ಎಂಬುದು ದಪ್ಪ ಕ್ಯಾನ್ವಾಸಿನ ಉದ್ದನೆಯ ಚೀಲ. ಎರಡು ತುದಿಗಳಲ್ಲಿ ಜೇಬಿನಂಥ ಮಡಿಕೆಗಳು, ಸುತ್ತಿ ಬಿಗಿಯುವುದಕ್ಕೆ ಚರ್ಮದ ಪಟ್ಟಿ. ಒಳಗೆ ಜಮಖಾನ, ಹೊದಿಕೆ, ದಿಂಬು. ಮನೆಯಿಂದ ಹೊರಟ ಮೇಲೆ ನೆನಪಾದ ಚಪ್ಪಲಿ, ಟವೆಲ್ಲು, ಹಲ್ಲುಪುಡಿ ಕೂಡ ಅದರ ಮಡಿಕೆ ಸೇರುತ್ತಿದ್ದವು. ಅದನ್ನು ಸುತ್ತುವಾಗ ಮೇಲೆ ಕೂತು ಒತ್ತುವುದಕ್ಕೆ ಮಕ್ಕಳನ್ನು ಕರೆಯುವುದು ವಾಡಿಕೆ. ಕುಡಿಯುವ ನೀರಿಗೆ ಮುಚ್ಚಳ ತಿರುಪಿ ಬಿಗಿಯುವ ಹಿತ್ತಾಳೆಯ ಕೂಜ. ಬಿಸಿಲಿನಲ್ಲಿ ಹೊರಟವರು ಮಣ್ಣಿನ ಹೂಜಿಯನ್ನೂ ಹಿಡಿದುಕೊಳ್ಳುತ್ತಿದ್ದರು.

ಬುತ್ತಿಯ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕಾದ್ದು, ಏಕೆಂದರೆ ಅಲ್ಲಿ ಅಡುಗೆಮನೆಯ ಬಹಳ ದಿನಗಳ ಅನುಭವ ಅಡಗಿದೆ. ರಾತ್ರಿ ಹೊರಟು ಮರುದಿನ ಮಧ್ಯಾಹ್ನ ಇಳಿಯುವವರಿಗೆ ಎರಡು ಹೊತ್ತಿನ ಊಟ ಕೆಡದೆ ಉಳಿಯಬೇಕು, ಅದೂ ಏಪ್ರಿಲ್–ಮೇ ತಿಂಗಳ ಸೆಕೆಯಲ್ಲಿ. ಹಳೆ ಮೈಸೂರಿನ ಮನೆಗಳಲ್ಲಿ ಇದಕ್ಕೆ ಪುಳಿಯೋಗರೆ. ಹುಣಿಸೆಯ ಹುಳಿ, ಉಪ್ಪು, ಧಾರಾಳವಾಗಿ ಎಳ್ಳೆಣ್ಣೆ ಸೇರಿದ ಅನ್ನದಲ್ಲಿ ಅನ್ನ ಹಳಸುವಂತೆ ಮಾಡುವ ಸೂಕ್ಷ್ಮಜೀವಿಗಳು ಬೇಗ ಬೆಳೆಯಲಾರವು. ಮೊಸರನ್ನದ ಬುತ್ತಿಯಲ್ಲಿ ಇನ್ನೂ ಜಾಣತನವಿದೆ. ಮೆತ್ತಗೆ ಬೆಂದ ಅನ್ನವನ್ನು ಚೆನ್ನಾಗಿ ಮಿದ್ದು, ಅದಕ್ಕೆ ಮೊಸರು ಸುರಿಯುವ ಬದಲು ಕಾಯಿಸಿ ಆರಿಸಿದ ಹಾಲು ಹಾಕಿ, ಮೇಲೆ ಒಂದೇ ಒಂದು ಚಮಚ ಮೊಸರು ಕಲಸುತ್ತಿದ್ದರು. ಹೆಪ್ಪು ದಾರಿಯಲ್ಲೇ ಆಗುತ್ತಿತ್ತು. ಬೆಳಗ್ಗೆ ಡಬ್ಬಿ ತೆರೆಯುವ ಹೊತ್ತಿಗೆ ಹದವಾದ ಮೊಸರನ್ನ ಸಿದ್ಧ, ಹುಳಿ ಏರಿರುತ್ತಿರಲಿಲ್ಲ. ಉತ್ತರ ಕರ್ನಾಟಕದವರ ಗಂಟಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೆಂಪು ಖಾರ. ನೀರಿನಂಶ ತೀರ ಕಡಿಮೆ ಇರುವ ಈ ಊಟ ವಾರಗಟ್ಟಲೆ ಇಟ್ಟರೂ ಕೆಡುವುದಿಲ್ಲ. ಬಾಳೆಲೆಯನ್ನು ಕೆಂಡದ ಮೇಲೆ ಬಾಡಿಸಿಕೊಂಡು ಕಟ್ಟಿದರೆ ಅದು ಸೀಳುವುದಿಲ್ಲ; ಮುತ್ತುಗದ ಎಲೆಯಾದರೆ ಆ ಕಷ್ಟವೂ ಇಲ್ಲ. ಇದಿಷ್ಟಕ್ಕೂ ಅಮ್ಮ ಹಿಂದಿನ ರಾತ್ರಿಯೇ ಕೂತು, ನಸುಕಿಗೆ ಎದ್ದು ದುಡಿದಿರುತ್ತಿದ್ದಳು. ರೈಲಿನ ಬುತ್ತಿಯ ರುಚಿಯನ್ನು ನೆನೆಯುವವರು ಆ ದುಡಿಮೆಯನ್ನೂ ಜೊತೆಗೆ ನೆನೆಯಬೇಕು.

ಮನೆಯಿಂದಲೇ ಊಟ ಕಟ್ಟಿಕೊಂಡು ಹೋಗುವುದರ ಹಿಂದೆ ಉಳಿತಾಯ, ಆರೋಗ್ಯದ ಜೊತೆಗೆ ಜಾತಿಯ ಮಡಿಯೂ ಇತ್ತು ಎಂಬುದನ್ನು ಮುಚ್ಚಿಡಬೇಕಿಲ್ಲ. ಸ್ವಾತಂತ್ರ್ಯಕ್ಕೆ ಮೊದಲು ದಕ್ಷಿಣ ಭಾರತದ ಹಲವು ನಿಲ್ದಾಣಗಳ ಫಲಾಹಾರ ಮಂದಿರಗಳಲ್ಲಿ ಬ್ರಾಹ್ಮಣರಿಗೆ ಬೇರೆ, ಇತರರಿಗೆ ಬೇರೆ ಜಾಗಗಳಿದ್ದವು. ಅದನ್ನು ತೆಗೆಸುವುದಕ್ಕೆ ಹೋರಾಟಗಳೇ ನಡೆದವು. ಆದರೆ ಡಬ್ಬಿಯ ಒಳಗಿನ ಬೆಂಚು ಅಂಥ ಗೋಡೆಗಳನ್ನು ಉಳಿಸಲಿಲ್ಲ. ಒತ್ತೊತ್ತಾಗಿ ಕೂತವರ ನಡುವೆ ಚಕ್ಕುಲಿ, ಕೋಡುಬಳೆ ಕೈ ಬದಲಾಗುತ್ತಿದ್ದವು. ಎದುರಿಗೆ ಕೂತ ಮಗು ನೋಡುತ್ತಿರುವಾಗ ತಾವೊಬ್ಬರೇ ತಿನ್ನುವುದು ಯಾರಿಗೂ ಆಗದ ಮಾತಾಗಿತ್ತು.

ಆ ಬೆಂಚು ಬರೀ ಮರದ್ದು. 1974ರಲ್ಲಿ ಮೂರನೇ ದರ್ಜೆ ಎಂಬ ಹೆಸರನ್ನು ರೈಲ್ವೆ ತೆಗೆದುಹಾಕಿ ಎರಡನೇ ದರ್ಜೆ ಮಾಡಿತು, ಮರದ ಪಟ್ಟಿಗಳು ಮಾತ್ರ ಬಹುಕಾಲ ಹಾಗೆಯೇ ಇದ್ದವು. 1977ರಿಂದ 1979ರವರೆಗೆ ರೈಲ್ವೆ ಸಚಿವರಾಗಿದ್ದ ಮಧು ದಂಡವತೆ ಎರಡನೇ ದರ್ಜೆಯ ಸ್ಲೀಪರ್ ಬರ್ತ್‌ಗಳಿಗೆ ಮೆತ್ತೆ ಹಾಕಿಸುವ ನಿರ್ಧಾರ ಮಾಡಿದರು. ಸಾಮಾನ್ಯ ಕುಟುಂಬಗಳ ರಾತ್ರಿ ಪ್ರಯಾಣವನ್ನು ಅದರಷ್ಟು ಹಗುರ ಮಾಡಿದ ಸುಧಾರಣೆ ಇನ್ನೊಂದಿಲ್ಲ. ಸ್ಲೀಪರ್ ಸಿಗದವರ ಪಾಡು ಬೇರೆ. ಗಾಡಿ ಇನ್ನೂ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ಲು ಎಸೆದು ಜಾಗ ಹಿಡಿಯಬೇಕು. ಸರಳು ಇಲ್ಲದ ಹಳೆಯ ಕಿಟಕಿಗಳಾದರೆ ಮನೆಯ ಹಗುರ ಹುಡುಗನನ್ನೇ ಎತ್ತಿ ಒಳಗೆ ಬಿಡುತ್ತಿದ್ದರು. ಉದ್ದ ಬೆಂಚಿನ ಮೇಲೆ ಕೈಕಾಲು ಚಾಚಿ ಮಲಗಿ, "ಇಲ್ಲಿ ಜನ ಇದ್ದಾರೆ" ಎನ್ನುತ್ತ ಅಪ್ಪ-ಅಮ್ಮ ಬಾಗಿಲಿನಿಂದ ನುಗ್ಗಿ ಬರುವವರೆಗೆ ಜಾಗ ಕಾಯುವುದು ಅವನ ಹೊಣೆ.

ಕೂತಾದ ಮೇಲೆ ಜಗಳ ಕಿಟಕಿಯ ಪಕ್ಕದ ಸೀಟಿಗೆ. ಅದಕ್ಕೆ ಅಪ್ಪ ಊರಿನಿಂದ ಊರಿಗೆ ಪಾಳಿ ಹಾಕುತ್ತಿದ್ದರು: ತುಮಕೂರಿನವರೆಗೆ ಅಕ್ಕ, ತಿಪಟೂರಿನವರೆಗೆ ತಮ್ಮ. ಆ ಸೀಟಿಗೆ ಒಂದು ದಂಡವೂ ಇತ್ತು, ಕಲ್ಲಿದ್ದಲ ಕಿಡಿ. ಉಗಿ ಎಂಜಿನಿನಲ್ಲಿ ಕೆಲಸ ಮುಗಿಸಿದ ಉಗಿಯನ್ನು ಚಿಮಣಿಯ ಮೂಲಕ ರಭಸವಾಗಿ ಹೊರಗೆ ಊದುತ್ತಾರೆ; ಆ ಸೆಳೆತಕ್ಕೆ ಗಾಳಿ ಒಲೆಯೊಳಗೆ ನುಗ್ಗಿ ಬೆಂಕಿ ಧಗಧಗಿಸುತ್ತದೆ. ಅದೇ ಸೆಳೆತಕ್ಕೆ ಅರೆಬೆಂದ ಕಲ್ಲಿದ್ದಲ ಹರಳುಗಳೂ ಹೊಗೆಯ ಜೊತೆ ಹಾರಿಬಂದು ಹಿಂದಿನ ಡಬ್ಬಿಗಳ ಮೇಲೆ ಉದುರುತ್ತವೆ. ಏರು ಹತ್ತುವಾಗ ಇದು ಇನ್ನೂ ಹೆಚ್ಚು. ಎಂಜಿನಿನ ಕಡೆ ಮುಖ ಮಾಡಿ ಕೂತ ಮಗುವಿನ ಕಣ್ಣಿಗೆ ಒಂದಾದರೂ ಬೀಳದೆ ಇರುತ್ತಿರಲಿಲ್ಲ. ಅಮ್ಮ ಆಗ ಸೆರಗಿನ ತುದಿಯನ್ನು ಸಣ್ಣಗೆ ಹುರಿಮಾಡಿ, ರೆಪ್ಪೆ ಎತ್ತಿ ಹಿಡಿದು, ಅಲುಗಾಡುವ ಗಾಡಿಯಲ್ಲೇ ಆ ಕಪ್ಪು ಚುಕ್ಕೆಯನ್ನು ಮೆಲ್ಲಗೆ ಒರೆಸಿ ತೆಗೆಯುತ್ತಿದ್ದಳು. ಆಮೇಲೆ ಸೆರಗನ್ನು ಉಂಡೆಮಾಡಿ, ಬಾಯಿಂದ ಬಿಸಿ ಗಾಳಿ ಊದಿ ಕಣ್ಣಿಗೆ ಶಾಖ ಕೊಡುತ್ತಿದ್ದಳು. ಕೆಂಪಾದ ಕಣ್ಣು ಮತ್ತೆ ಕಿಟಕಿಗೇ ಅಂಟಿಕೊಳ್ಳುತ್ತಿತ್ತು. ಊರು ಮುಟ್ಟುವ ಹೊತ್ತಿಗೆ ಬಿಳಿ ಅಂಗಿ ಬಿಳಿಯಾಗಿ ಉಳಿದಿರುತ್ತಿರಲಿಲ್ಲ.

ಕಿಟಕಿ ಮಕ್ಕಳಿಗೆ ಪಾಠ ಹೇಳದೆಯೇ ಕಲಿಸಿದ ವಿಜ್ಞಾನ ಸಾಕಷ್ಟಿದೆ. ಹತ್ತಿರದ ತಂತಿಕಂಬ, ಬೇಲಿಗಳು ಹಿಂದಕ್ಕೆ ಓಡುತ್ತವೆ, ದೂರದ ಬೆಟ್ಟ ಮಾತ್ರ ಗಾಡಿಯ ಜೊತೆಗೇ ಬರುತ್ತದೆ. ನೋಡುವವರು ಸರಿದಂತೆ ಹತ್ತಿರದ ವಸ್ತುವಿನ ದಿಕ್ಕು ಬೇಗ ಬದಲಾಗುತ್ತದೆ, ದೂರದ್ದರ ದಿಕ್ಕು ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ ಎಂಬುದು ಇದರ ಕಾರಣ. ತಂತಿಗಳು ಕಂಬದಿಂದ ಕಂಬಕ್ಕೆ ಜೋತುಬಿದ್ದಿರುವುದರಿಂದ ಓಡುವ ಕಿಟಕಿಗೆ ಅವು ಏರಿ ಇಳಿದಂತೆ ಕಾಣುತ್ತವೆ. ಇನ್ನು ಗಾಡಿಯ ಸದ್ದು. ಬಿಸಿಲಿಗೆ ಕಬ್ಬಿಣ ಹಿಗ್ಗುತ್ತದೆಂದು ಹಳಿಯ ತುಂಡುಗಳ ನಡುವೆ ಸಣ್ಣ ಸಂದು ಬಿಟ್ಟು, ಪಟ್ಟಿ ಹಾಕಿ ಬೋಲ್ಟು ಬಿಗಿದಿರುತ್ತಿದ್ದರು. ಗಾಲಿ ಆ ಸಂದನ್ನು ದಾಟುವಾಗ ಬರುವುದೇ ಆ ಟಕಟಕ ತಾಳ. ಮೀಟರ್‌ಗೇಜ್ ಹಳಿಯ ತುಂಡು ಸುಮಾರು 12 ಮೀಟರ್ ಉದ್ದ. ಹಾಗಾಗಿ 43 ಸೆಕೆಂಡಿನಲ್ಲಿ ಎಷ್ಟು ಸಂದು ದಾಟಿದ ಸದ್ದು ಕೇಳುತ್ತದೋ ಗಾಡಿಯ ವೇಗ ಗಂಟೆಗೆ ಹೆಚ್ಚುಕಡಿಮೆ ಅಷ್ಟೇ ಕಿಲೋಮೀಟರ್. 13 ಮೀಟರಿನ ಬ್ರಾಡ್‌ಗೇಜ್ ಹಳಿಗಾದರೆ 47 ಸೆಕೆಂಡು ಎಣಿಸಬೇಕು. ಕೈಗಡಿಯಾರ ಕಟ್ಟಿದ ಸೋದರಮಾವನೊಬ್ಬ ಜೊತೆಗಿದ್ದರೆ ಈ ಲೆಕ್ಕದಲ್ಲಿ ಮಕ್ಕಳಿಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಈಗ ಹಳಿಗಳನ್ನು ಬೆಸೆದು ಉದ್ದಕ್ಕೆ ಒಂದೇ ಮಾಡಿರುವುದರಿಂದ ಆ ತಾಳವೂ ನಿಂತಿದೆ, ಲೆಕ್ಕವೂ ನಿಂತಿದೆ. ಸೇತುವೆ ಬಂದಾಗ ಸದ್ದು ಇದ್ದಕ್ಕಿದ್ದಂತೆ ಗಡುಸಾಗುತ್ತಿತ್ತು, ಏಕೆಂದರೆ ಹಳಿಯ ಕೆಳಗೆ ಸದ್ದು ನುಂಗುವ ಜಲ್ಲಿ ಇಲ್ಲದೆ ಉಕ್ಕಿನ ತೊಲೆಗಳೇ ನಡುಗುತ್ತಿದ್ದವು. ಶ್ರೀರಂಗಪಟ್ಟಣದಲ್ಲಿ ಕಾವೇರಿ, ಹರಿಹರದಲ್ಲಿ ತುಂಗಭದ್ರೆ. ಹಿರಿಯರು ಕೈಮುಗಿದು ನದಿಗೆ ಕಾಸು ಹಾಕುತ್ತಿದ್ದರು, ಮಕ್ಕಳ ಕೈಗೂ ಒಂದೊಂದು ಕೊಡುತ್ತಿದ್ದರು.

ನಿಲ್ದಾಣಗಳಲ್ಲಿ ಗಾಡಿ ಧಾರಾಳವಾಗಿ ನಿಲ್ಲುತ್ತಿತ್ತು. ಎಂಜಿನ್ ನೀರು ಕುಡಿಯಬೇಕು, ಎದುರಿನ ಗಾಡಿ ಬಂದು ಸೇರಬೇಕು. ಒಂಟಿ ಹಳಿಯ ದಾರಿಯಲ್ಲಿ ಎರಡು ಗಾಡಿಗಳು ಒಂದನ್ನೊಂದು ದಾಟುವುದು ನಿಲ್ದಾಣದಲ್ಲಿ ಮಾತ್ರ. ಈ ಬಿಡುವಿನಲ್ಲೇ ಊರೂರಿನ ತಿನಿಸುಗಳು ಹುಟ್ಟಿ ಬೆಳೆದವು. ಅಕ್ಕಿಹಿಟ್ಟು, ಮೈದಾ, ಚಿರೋಟಿ ರವೆಗೆ ಈರುಳ್ಳಿ ಕಲಸಿ ಗರಿಗರಿಯಾಗಿ ಕರಿದ ಮದ್ದೂರು ವಡೆ ಬೆಂಗಳೂರು–ಮೈಸೂರು ದಾರಿಯ ರೈಲು ಪ್ರಯಾಣಿಕರಿಂದಲೇ ಹೆಸರಾದದ್ದು. ಧಾರವಾಡ ಬಂತೆಂದರೆ ಪೇಡೆ, ಬೆಳಗಾವಿಯಲ್ಲಿ ಕುಂದಾ. ಚನ್ನಪಟ್ಟಣದ ಅರಗಿನ ಬಣ್ಣದ ಮರದ ಗೊಂಬೆಗಳಿಗಾಗಿ ಹಟ ಹಿಡಿಯದ ಮಗುವೇ ಇರಲಿಲ್ಲ. ಘಟ್ಟದ ಅಂಚಿನ ನಿಲ್ದಾಣಗಳಲ್ಲಿ ಮೇ ತಿಂಗಳಲ್ಲಿ ಎಲೆಯ ದೊನ್ನೆ ತುಂಬ ಕವಳೆ ಹಣ್ಣು, ನೇರಳೆ. ಅಪ್ಪ ಕೂಜಕ್ಕೆ ನೀರು ತುಂಬಿಸಲು ಇಳಿದು ನಲ್ಲಿಯ ಬಳಿ ನಿಂತಾಗ ಗಾರ್ಡ್ ಹಸಿರು ಬಾವುಟ ಎತ್ತಿದರೆ ಮಕ್ಕಳ ಎದೆ ಢವಢವ. ಅಪ್ಪ ಕೊನೆಯ ಗಳಿಗೆಯಲ್ಲಿ ಓಡಿಬಂದು ಹತ್ತಿದ ಕಥೆ ಬಹುತೇಕ ಎಲ್ಲ ಮನೆಗಳಲ್ಲೂ ಇದೆ.

ಗಾಡಿ ನಿಲ್ಲದೆ ದಾಟಿಹೋಗುವ ಸಣ್ಣ ನಿಲ್ದಾಣದಲ್ಲಿ ಇನ್ನೊಂದು ನೋಟ. ಪ್ಲಾಟ್‌ಫಾರಂ ತುದಿಯಲ್ಲಿ ರೈಲ್ವೆಯ ಆಳೊಬ್ಬ ದೊಡ್ಡ ಬೆತ್ತದ ಬಳೆಯನ್ನು ಎತ್ತಿ ಹಿಡಿದು ನಿಂತಿರುತ್ತಾನೆ. ಬಳೆಗೆ ಚರ್ಮದ ಪುಟ್ಟ ಚೀಲ. ಎಂಜಿನಿನಿಂದ ಬಾಗಿದ ತೋಳೊಂದು ಕೈಲಿದ್ದ ಹಳೆಯ ಬಳೆಯನ್ನು ನೆಲಕ್ಕೆ ಎಸೆದು, ಓಡುತ್ತಲೇ ಹೊಸದರೊಳಗೆ ಕೈ ತೂರಿಸಿ ಎಳೆದುಕೊಳ್ಳುತ್ತದೆ. ಚೀಲದೊಳಗೆ ಇರುವುದು ಲೋಹದ ಒಂದು ಗುಂಡು. ಮುಂದಿನ ನಿಲ್ದಾಣದವರೆಗಿನ ಹಳಿ ಈ ಗಾಡಿಗೆ ಮಾತ್ರ ಸೇರಿದ್ದು ಎನ್ನುವುದಕ್ಕೆ ಅದು ಗುರುತು. ಎರಡು ನಿಲ್ದಾಣಗಳ ಯಂತ್ರಗಳು ತಂತಿಯ ಮೂಲಕ ಒಂದಕ್ಕೊಂದು ಬೆಸೆದಿರುವುದರಿಂದ ಒಂದು ಗುಂಡು ಹೊರಗಿರುವಾಗ ಎರಡನೆಯದು ಯಾವ ತುದಿಯಿಂದಲೂ ಹೊರಬರುವುದಿಲ್ಲ. ಎದುರುಬದುರು ಡಿಕ್ಕಿಯಾಗದಂತೆ ಕಾಯುತ್ತಿದ್ದ ಈ ವ್ಯವಸ್ಥೆ ಸರಳವಾದದ್ದು, ಬಹಳ ಭದ್ರವಾದದ್ದು. ಮಕ್ಕಳಿಗೆ ಇದಾವುದೂ ತಿಳಿಯದು. ಆ ಬಳೆ ತಪ್ಪದೆ ಕೈ ಸೇರಿತೇ ಎಂದು ನೋಡುವುದಕ್ಕೇ ಅವರು ಕತ್ತು ಹೊರಳಿಸುತ್ತಿದ್ದರು.

ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳಿಗೆ ರಜೆಯ ಪ್ರಯಾಣ ಇನ್ನೂ ದೊಡ್ಡದು. 1970 ಮತ್ತು 80ರ ದಶಕಗಳಲ್ಲಿ ಧಾರವಾಡ, ಹುಬ್ಬಳ್ಳಿ ಕಡೆಗೆ ಬರುವವರು ಮೀರಜ್‌ನಲ್ಲಿ ಬ್ರಾಡ್‌ಗೇಜ್ ಗಾಡಿ ಇಳಿದು ಮೀಟರ್‌ಗೇಜ್ ಗಾಡಿ ಹತ್ತಬೇಕಿತ್ತು. ಟ್ರಂಕು, ಹೋಲ್ಡಾಲ್, ನಿದ್ದೆಗಣ್ಣಿನ ಮಕ್ಕಳು, ಕೆಂಪಂಗಿಯ ಕೂಲಿಯ ಬೆನ್ನ ಹಿಂದೆ ಓಟ. ಕರಾವಳಿಯವರಿಗೆ ಆ ಭಾಗ್ಯವೂ ಇರಲಿಲ್ಲ. ಮಂಗಳೂರಿಗೆ 1907ರಲ್ಲೇ ರೈಲು ಬಂದಿದ್ದರೂ ಅದು ಕೇರಳದ ಕಡೆಯಿಂದ ಬಂದದ್ದು. ಮುಂಬಯಿಯಿಂದ ಉಡುಪಿಗೆ ನೇರ ರೈಲಿಲ್ಲದೆ ತಲೆಮಾರುಗಳು ಬಸ್ಸಿನಲ್ಲೇ ಬಳಲಿದವು. ಮಂಗಳೂರಿನವರಾದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಸಚಿವರಾಗಿದ್ದಾಗ 1990ರಲ್ಲಿ ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾಗಿ, ಇ. ಶ್ರೀಧರನ್ ಅವರ ನೇತೃತ್ವದಲ್ಲಿ ಹಳಿ ಬಿದ್ದು, 1998ರ ಜನವರಿಯಲ್ಲಿ ಆ ಕೊರತೆ ನೀಗಿತು.

ಘಟ್ಟ ಇಳಿಯುವ ದಾರಿಗಳ ನೆನಪು ಎಲ್ಲಕ್ಕಿಂತ ಗಾಢವಾದದ್ದು. ಲೋಂಡಾದಿಂದ ಮುಂದೆ ಕ್ಯಾಸಲ್‌ರಾಕ್. ಅಲ್ಲಿಂದ ಕುಳೆಂವರೆಗೆ 37 ಅಡಿಗೆ ಒಂದು ಅಡಿಯ ಕಡಿದಾದ ಇಳಿಜಾರು, ನಡುವೆ ದೂಧಸಾಗರ ಜಲಪಾತ. ಗೋವಾ 1961ರವರೆಗೆ ಪೋರ್ಚುಗೀಸರ ಕೈಯಲ್ಲಿತ್ತು. ಐವತ್ತರ ದಶಕದ ನಡುವೆ ಸಂಚಾರ ನಿಲ್ಲುವ ತನಕ ಈ ದಾರಿಯಲ್ಲಿ ಹೋದವರಿಗೆ ಕ್ಯಾಸಲ್‌ರಾಕ್‌ನಲ್ಲಿ ಸುಂಕದವರ ತಪಾಸಣೆ. ಹಾಸನ–ಮಂಗಳೂರು ಹಳಿ ಪೂರ್ತಿಯಾದದ್ದು 1979ರಲ್ಲಿ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳು. ಎಣಿಸುವುದು, ಕತ್ತಲಾದೊಡನೆ ಒಟ್ಟಾಗಿ ಕಿರುಚುವುದು, ಬೆಳಕು ಬಂದಾಗ ಲೆಕ್ಕ ತಪ್ಪಿತೆಂದು ಜಗಳವಾಡುವುದು ಆ ದಾರಿಯ ಮಕ್ಕಳ ಆಟ. ಗೇಜ್ ಬದಲಾವಣೆಗೆಂದು 1996ರಲ್ಲಿ ಮುಚ್ಚಿದ ಈ ದಾರಿಯಲ್ಲಿ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಆ ಹನ್ನೊಂದು ವರ್ಷಗಳಲ್ಲಿ ಬೆಳೆದ ಕರಾವಳಿ, ಮಲೆನಾಡಿನ ಮಕ್ಕಳಿಗೆ ಘಟ್ಟದ ರೈಲು ಸಿಗಲೇ ಇಲ್ಲ. ಕಾಮಗಾರಿಗೆ ಅಷ್ಟು ಕಾಲ ಹಿಡಿದದ್ದು ಒಪ್ಪುವ ಮಾತಲ್ಲ.

ಇವೆಲ್ಲ ಯಾಕೆ ಇಷ್ಟು ಗಟ್ಟಿಯಾಗಿ ನೆನಪಿನಲ್ಲಿ ಉಳಿದಿವೆ? ಮನೋವಿಜ್ಞಾನಿಗಳ ಅಧ್ಯಯನಗಳಲ್ಲಿ ಇದಕ್ಕೆ ಕೆಲವು ಸುಳಿವುಗಳಿವೆ. ಸಾಮಾನ್ಯವಾಗಿ ಮೂರು–ನಾಲ್ಕು ವರ್ಷಕ್ಕೆ ಹಿಂದಿನದು ದೊಡ್ಡವರಾದ ಮೇಲೆ ನೆನಪಿರುವುದಿಲ್ಲ. ಆಮೇಲಿನವುಗಳಲ್ಲೂ ದಿನನಿತ್ಯದ್ದು ಒಂದರೊಳಗೊಂದು ಕರಗಿ, ವರ್ಷಕ್ಕೊಮ್ಮೆ ನಡೆಯುವ ಬೇರೆ ಬಗೆಯದು ಉಳಿಯುತ್ತದೆ. ವಾಸನೆಯ ಸಂಗತಿ ಇನ್ನೂ ವಿಶೇಷ. ನೋಟ, ಸದ್ದುಗಳು ಮಿದುಳಿನಲ್ಲಿ ಒಂದು ನಡುವಣ ಠಾಣೆಯ ಮೂಲಕ ಹಾದುಹೋದರೆ, ವಾಸನೆಯ ನರಗಳಿಗೆ ಭಾವನೆ ಮತ್ತು ನೆನಪನ್ನು ನೋಡಿಕೊಳ್ಳುವ ಭಾಗಗಳ ಜೊತೆ ಹತ್ತಿರದ ಸಂಪರ್ಕವಿದೆ. ಕಲ್ಲಿದ್ದಲ ಹೊಗೆ, ಬಾಡಿದ ಬಾಳೆಲೆ, ಕ್ಯಾನ್ವಾಸಿನ ಹೋಲ್ಡಾಲ್ ಇವುಗಳ ವಾಸನೆ ನಲವತ್ತು ವರ್ಷದ ಮೇಲೂ ಇಡೀ ಡಬ್ಬಿಯನ್ನು ಕಣ್ಣೆದುರು ತಂದು ನಿಲ್ಲಿಸುವುದು ಇದರಿಂದ. ಎಲ್ಲಕ್ಕಿಂತ ಮುಖ್ಯವಾದದ್ದು ಮಾತು. ನಡೆದದ್ದನ್ನು ತಂದೆತಾಯಿ ಮಕ್ಕಳ ಜೊತೆ ಮತ್ತೆ ಮತ್ತೆ, ವಿವರವಾಗಿ ಮಾತಾಡಿಕೊಂಡರೆ ಆ ನೆನಪು ಗಟ್ಟಿಯಾಗುತ್ತದೆ. ಮೀಟರ್‌ಗೇಜ್ ಪ್ರಯಾಣ ಇದಕ್ಕೆ ಹೇಳಿ ಮಾಡಿಸಿದಂತಿತ್ತು. ಅಪ್ಪನಿಗೆ ಕಚೇರಿ ಇಲ್ಲ, ಅಮ್ಮನಿಗೆ ಒಲೆ ಇಲ್ಲ, ಎಲ್ಲರೂ ಎದುರುಬದುರು ಕೂತು ಹಗಲೆಲ್ಲ ಮಾತಾಡಬಹುದು. ಮನೆಯಲ್ಲಿ ಸದಾ ಗಂಭೀರವಾಗಿರುವ ಅಪ್ಪ ತನ್ನ ಬಾಲ್ಯದ ಕಥೆ ಹೇಳಿದ್ದು ರೈಲಿನಲ್ಲಿ ಮಾತ್ರ ಎನ್ನುವವರು ಬಹಳ ಮಂದಿ ಇದ್ದಾರೆ.

ಆ ಪ್ರಯಾಣದಲ್ಲಿ ನೂಕುನುಗ್ಗಲು, ಸೆಕೆ, ನಾರುವ ಶೌಚಾಲಯ, ಗಂಟೆಗಟ್ಟಲೆ ತಡ ಎಲ್ಲವೂ ಇದ್ದವು. ಹಳಿ ಬದಲಾಗಲೇಬೇಕಿತ್ತು. ಚಿತ್ರದುರ್ಗ ಜಿಲ್ಲೆ ಚಳ್ಳಕೆರೆಯ ಸಿ.ಕೆ. ಜಾಫರ್ ಷರೀಫ್ ರೈಲ್ವೆ ಸಚಿವರಾಗಿದ್ದಾಗ 1992ರಲ್ಲಿ ದೇಶದ ಹಳಿಗಳನ್ನೆಲ್ಲ ಒಂದೇ ಗೇಜಿಗೆ ತರುವ ಯೋಜನೆ ಶುರುವಾಯಿತು. ಬೆಂಗಳೂರು–ಮೈಸೂರು, ಬೆಂಗಳೂರು–ಹುಬ್ಬಳ್ಳಿ ದಾರಿಗಳು ಆ ದಶಕದಲ್ಲೇ ಬ್ರಾಡ್‌ಗೇಜ್ ಆದವು. ಚಾಮರಾಜನಗರ, ತಾಳಗುಪ್ಪದಂಥ ಕವಲುಗಳು ಅದಾದ ಮೇಲೆ. ರಾಜ್ಯದ ಒಳಗಿನಿಂದ ದೇಶದ ದೂರದ ಊರುಗಳಿಗೆ ಗೇಜಿಗಾಗಿ ಗಾಡಿ ಬದಲಿಸದೆ ಹೋಗುವ ಅನುಕೂಲ ಅದರಿಂದ ಬಂತು. 2022ರ ನವೆಂಬರಿನಿಂದ ಮೈಸೂರು–ಚೆನ್ನೈ ನಡುವೆ, 2023ರ ಜೂನ್‌ನಿಂದ ಬೆಂಗಳೂರು–ಧಾರವಾಡ ನಡುವೆ ವಂದೇ ಭಾರತ್ ಓಡುತ್ತಿದೆ. ಅದರ ಕಿಟಕಿಗಳನ್ನು ತೆರೆಯುವಂತಿಲ್ಲ.

ಹಳೆಯದನ್ನು ಕಣ್ಣಾರೆ ನೋಡಬೇಕೆನ್ನುವವರಿಗೆ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯವಿದೆ. ಅದು 1979ರಲ್ಲಿ ಶುರುವಾಯಿತು. ಅಲ್ಲಿ ಉಗಿ ಎಂಜಿನುಗಳೂ 1899ರ ಮಹಾರಾಣಿ ಸಲೂನೂ ಇವೆ. ಶಿವಮೊಗ್ಗ–ತಾಳಗುಪ್ಪ ದಾರಿಯ ಅರಸಾಳು ನಿಲ್ದಾಣದಲ್ಲಿ ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ಧಾರಾವಾಹಿಯ ರೈಲು ನಿಲ್ದಾಣದ ದೃಶ್ಯಗಳನ್ನು ಚಿತ್ರಿಸಿದ್ದರು. ಅಲ್ಲಿನ ಹಳೆಯ ಕಟ್ಟಡ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಆಗಿದೆ. ಎಂಜಿನು, ಡಬ್ಬಿ, ಕಟ್ಟಡಗಳನ್ನು ಹೀಗೆ ಕಾಪಾಡಬಹುದು. ಬುತ್ತಿ ಕಟ್ಟಿದವರ, ಟವೆಲ್ಲು ಎಸೆದವರ, ಮೀರಜ್‌ನಲ್ಲಿ ಓಡಿ ಗಾಡಿ ಬದಲಿಸಿದವರ ನೆನಪು ಯಾವ ಸಂಗ್ರಹಾಲಯದಲ್ಲೂ ಸಿಗುವುದಿಲ್ಲ. ಉಗಿ ಎಂಜಿನಿನ ಹೊಗೆ ಕುಡಿದು ಬೆಳೆದವರು ಈಗ ಅಜ್ಜ-ಅಜ್ಜಿಯರಾಗಿದ್ದಾರೆ. ಮನೆಯಲ್ಲಿ ಅಂಥವರು ಇದ್ದರೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿ ಕೇಳಿಸಿ, ಹೇಳಿದ್ದನ್ನು ಊರು, ವರ್ಷ, ಗಾಡಿಯ ಹೆಸರಿನ ಸಮೇತ ಬರೆದಿಡಿ. ಸಾಧ್ಯವಾದರೆ ಕಿಟಕಿ ತೆರೆಯಬಹುದಾದ ಪ್ಯಾಸೆಂಜರ್ ಗಾಡಿಯೊಂದರಲ್ಲಿ ಅಜ್ಜ, ಮೊಮ್ಮಕ್ಕಳು ಒಟ್ಟಿಗೆ ಒಮ್ಮೆ ಹೋಗಿ ಬನ್ನಿ. ಅಂಥ ಗಾಡಿಗಳು ರಾಜ್ಯದಲ್ಲಿ ಇನ್ನೂ ಓಡುತ್ತಿವೆ.